ಹಿಡಿಯಬೇಕಾದರೆ ಬ್ರೇಕ್ ಹಾಕಿ: ಒಂದು ಆಟದೊಳಗೆ ಕಕ್ಷೆಗಳ ಪ್ರಯೋಗ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1965ರ ಜೂನ್ 3ರಂದು ಅಮೆರಿಕದ ಜೆಮಿನಿ 4 ನೌಕೆ ಭೂಮಿಯ ಸುತ್ತ ಕಕ್ಷೆ ಸೇರಿತು. ಅದನ್ನು ಮೇಲಕ್ಕೆ ಹೊತ್ತು ತಂದ ಟೈಟನ್ ರಾಕೆಟ್ಟಿನ ಖಾಲಿ ಎರಡನೇ ಹಂತ ಹತ್ತಿರದಲ್ಲೇ ಸುತ್ತುತ್ತಿತ್ತು. ಅದರ ಪಕ್ಕಕ್ಕೆ ಹೋಗಿ ಜೊತೆಯಾಗಿ ಹಾರಬೇಕು ಎಂಬುದು ಯೋಜನೆ. ಕಮಾಂಡರ್ ಜೇಮ್ಸ್ ಮ್ಯಾಕ್‌ಡಿವಿಟ್ ಪಳಗಿದ ಪೈಲಟ್. ವಿಮಾನದಲ್ಲಿ ಏನು ಮಾಡುತ್ತಿದ್ದರೋ ಅದನ್ನೇ ಇಲ್ಲೂ ಮಾಡಿದರು. ಮೂತಿಯನ್ನು ಗುರಿಯ ಕಡೆ ತಿರುಗಿಸಿ ಥ್ರಸ್ಟರ್ (ನೌಕೆಯನ್ನು ನೂಕುವ ಪುಟ್ಟ ಎಂಜಿನ್) ಒತ್ತಿದರು. ಗುರಿ ದೂರ ಸರಿಯಿತು, ಕೆಳಕ್ಕೂ ಇಳಿಯಿತು. ಮತ್ತೆ ಒತ್ತಿದರು. ಇನ್ನೂ ದೂರ. ಹೀಗೆ ಇಂಧನದ ದೊಡ್ಡ ಪಾಲು ಖರ್ಚಾದ ಮೇಲೆ ಆ ಪ್ರಯತ್ನವನ್ನೇ ಕೈಬಿಡಬೇಕಾಯಿತು.

ನ್ಯೂಟನ್ನನ ನಿಯಮಗಳು ಗೊತ್ತಿಲ್ಲದೆ ಹೀಗಾಯಿತು ಅಂದುಕೊಳ್ಳಬೇಡಿ. ಲೆಕ್ಕ ಬಲ್ಲವರು ನೆಲದ ಮೇಲೂ ಇದ್ದರು, ನೌಕೆಯೊಳಗೂ ಇದ್ದರು. ಆದರೆ ಸಮೀಕರಣ ಗೊತ್ತಿರುವುದು ಬೇರೆ, ಕೈಗೆ ಅದರ ಅಭ್ಯಾಸ ಆಗುವುದು ಬೇರೆ. ನಮ್ಮ ಕೈಕಾಲು, ಕಣ್ಣು ಎಲ್ಲ ಕಲಿತಿರುವುದು ನೆಲದ ಮೇಲಿನ ಚಲನೆಯನ್ನು. ಕಕ್ಷೆಯಲ್ಲಿ ಆ ಕಲಿಕೆಯೇ ಅಡ್ಡ ಬರುತ್ತದೆ.

ಇವತ್ತು ಆ ಅಭ್ಯಾಸವನ್ನು ಮನೆಯ ಕಂಪ್ಯೂಟರಿನಲ್ಲೇ ಮಾಡಿಕೊಳ್ಳಬಹುದು. ನಾನು ಮಾತಾಡುವುದು ಮುಖ್ಯವಾಗಿ ಕರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ಆಟದ ಬಗ್ಗೆ. ಮೆಕ್ಸಿಕೋದ ಸ್ಕ್ವಾಡ್ ಕಂಪನಿ 2011ರಲ್ಲಿ ಇದರ ಮೊದಲ ರೂಪವನ್ನು ಜನರ ಕೈಗೆ ಕೊಟ್ಟಿತು. 1.0 ಆವೃತ್ತಿ ಬಂದದ್ದು 2015ರ ಏಪ್ರಿಲ್‌ನಲ್ಲಿ. ತಮಾಷೆ ಅಂದರೆ, ಸ್ಕ್ವಾಡ್‌ನ ಮೂಲ ಕಸುಬು ಆಟ ತಯಾರಿಸುವುದಲ್ಲ, ಮಾರ್ಕೆಟಿಂಗ್! ಆಟದಲ್ಲಿ ಹಸಿರು ಬಣ್ಣದ, ದೊಡ್ಡ ತಲೆಯ ಪುಟ್ಟ ಜೀವಿಗಳಿದ್ದಾವೆ. ಅವರಿಗೆ ನೀವು ರಾಕೆಟ್ ಕಟ್ಟಿಕೊಡಬೇಕು. ಮೊದಮೊದಲು ರಾಕೆಟ್ ಸಿಡಿಯುತ್ತದೆ, ಎಲ್ಲರೂ ನಗುತ್ತಾರೆ. ಸಿಡಿಯುವುದರಲ್ಲಿ ಕಲಿಯುವುದು ಅಷ್ಟೇನೂ ಇಲ್ಲ. ಸಿಡಿಯದೆ ಮೇಲೆ ಹೋದ ನಂತರವೇ ನಿಜವಾದ ಆಟ.

ನನ್ನ ಮಾತು ಇಷ್ಟೇ: ಈ ಆಟ ಒಂದು ಪ್ರಯೋಗಾಲಯ ಆಗಬಲ್ಲದು. ಆದರೆ ಅದಕ್ಕೆ ಒಂದು ಷರತ್ತಿದೆ. ಎಂಜಿನ್ ಹೊತ್ತಿಸುವ ಮೊದಲು ಏನಾಗಬಹುದು ಎಂಬ ನಿಮ್ಮ ಊಹೆಯನ್ನು ಒಂದು ಕಾಗದದ ಮೇಲೆ ಬರೆದಿಡಬೇಕು. ಬರೆಯದಿದ್ದರೆ ಮನಸ್ಸು ಮೋಸ ಮಾಡುತ್ತದೆ. ಆದದ್ದನ್ನು ನೋಡಿ "ಹೌದು, ನನಗೆ ಮೊದಲೇ ಗೊತ್ತಿತ್ತು" ಅನ್ನುತ್ತದೆ. F5 ಒತ್ತಿ ಆಟವನ್ನು ಉಳಿಸಿ, ಊಹೆ ಬರೆಯಿರಿ, ಬರ್ನ್ ಮಾಡಿ, ಅಂದರೆ ಎಂಜಿನ್ ಉರಿಸಿ, ನೋಡಿ. ಆಮೇಲೆ F9 ಒತ್ತಿದರೆ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತೀರಿ. ಅದೇ ನೌಕೆ, ಅದೇ ಜಾಗ, ಅದೇ ವೇಗ. ಒಂದನ್ನು ಮಾತ್ರ ಬದಲಿಸಿ ಇನ್ನೊಮ್ಮೆ ಮಾಡಬಹುದು. ಯಾವ ಬಾಹ್ಯಾಕಾಶ ಸಂಸ್ಥೆಗೂ ಈ ಭಾಗ್ಯ ಇಲ್ಲ.

ಮೇಲೆ ಹೋದರೆ ಸಾಲದು

ಆಟದ ಭೂಮಿಯ ಹೆಸರು ಕರ್ಬಿನ್. ತ್ರಿಜ್ಯ ಬರೀ 600 ಕಿ.ಮೀ., ನಮ್ಮ ಭೂಮಿಯ ಹತ್ತನೇ ಒಂದು ಭಾಗಕ್ಕೂ ಕಡಿಮೆ. ವಾತಾವರಣ 70 ಕಿ.ಮೀ.ಗೆ ಮುಗಿಯುತ್ತದೆ. ಆದರೆ ನೆಲದ ಮೇಲಿನ ಗುರುತ್ವ ಮಾತ್ರ ನಮ್ಮಲ್ಲಿರುವಷ್ಟೇ, 9.81. ಇಷ್ಟು ಚಿಕ್ಕ ಗೋಳಕ್ಕೆ ಅಷ್ಟು ಗುರುತ್ವ ಬರಬೇಕಾದರೆ ಅದರ ಸಾಂದ್ರತೆ ಭೂಮಿಯ ಹತ್ತು ಪಟ್ಟಿಗೂ ಜಾಸ್ತಿ ಇರಬೇಕು. ಗ್ರಹ ಕಟ್ಟಬಹುದಾದ ಅಂಥ ವಸ್ತು ಎಲ್ಲೂ ಇಲ್ಲ. ನಾವು ಬಲ್ಲ ಅತಿ ಸಾಂದ್ರ ಲೋಹಗಳಲ್ಲಿ ಒಂದಾದ ಆಸ್ಮಿಯಂ ಕೂಡ ಅದರ ಅರ್ಧಕ್ಕೆ ಬರುವುದಿಲ್ಲ. ಆಟ ಬೇಗ ಸಾಗಲಿ ಅಂತ ಮಾಡಿದ ಜಾಣತನ ಇದು, ಕ್ಷಮಿಸೋಣ.

ಮೊದಲ ಪ್ರಯೋಗ: ರಾಕೆಟ್ಟನ್ನು ನೇರ ಮೇಲಕ್ಕೆ ಕಳಿಸಿ. ಗಾಳಿಯ ತಡೆಯನ್ನು ಬದಿಗಿಟ್ಟರೆ 100 ಕಿ.ಮೀ. ಎತ್ತರ ಮುಟ್ಟಲು ಸೆಕೆಂಡಿಗೆ 1,300 ಮೀಟರ್ ಸಾಕು. ಮುಟ್ಟುತ್ತೀರಿ, ಆಕಾಶ ಕಪ್ಪಾಗುತ್ತದೆ, ನಕ್ಷತ್ರ ಕಾಣುತ್ತವೆ. ಆಮೇಲೆ ಹೋದ ದಾರಿಯಲ್ಲೇ ಕೆಳಗೆ ಬೀಳುತ್ತೀರಿ. ಅದೇ ಎತ್ತರದಲ್ಲಿ ಸುತ್ತುತ್ತಾ ಇರಬೇಕಾದರೆ ಅಡ್ಡಕ್ಕೆ ಸೆಕೆಂಡಿಗೆ 2,246 ಮೀಟರ್ ವೇಗ ಬೇಕು. ಕಕ್ಷೆಯಲ್ಲಿದ್ದರೂ ನೌಕೆ ಬೀಳುತ್ತಲೇ ಇರುತ್ತದೆ. ಅಡ್ಡಕ್ಕೆ ಅಷ್ಟು ಜೋರಾಗಿ ಹೋಗುತ್ತಿರುವುದರಿಂದ ನೆಲಕ್ಕೆ ತಾಗುವುದಿಲ್ಲ, ಅಷ್ಟೇ.

ಇತಿಹಾಸದಲ್ಲೂ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತೆ ಇದೆ. 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ಭೂಮಿಯನ್ನು ಒಂದು ಸುತ್ತು ಹಾಕಿ ಬಂದರು. ಮೇ 5ರಂದು ಅಮೆರಿಕದ ಅಲನ್ ಶೆಪರ್ಡ್ 187 ಕಿ.ಮೀ. ಎತ್ತರಕ್ಕೆ ಹೋಗಿ, ಕಾಲು ಗಂಟೆಯಲ್ಲಿ ಸಮುದ್ರಕ್ಕೆ ಇಳಿದರು. ಇಬ್ಬರೂ ಬಾಹ್ಯಾಕಾಶಕ್ಕೆ ಹೋದವರೇ. ಆದರೆ ಶೆಪರ್ಡ್ ಅವರ ಗರಿಷ್ಠ ವೇಗ ಗಂಟೆಗೆ 8,200 ಕಿ.ಮೀ. ಚಿಲ್ಲರೆ, ಅಂದರೆ ಸೆಕೆಂಡಿಗೆ 2.3 ಕಿ.ಮೀ. ಹತ್ತಿರ. ಭೂಮಿಯ ಕೆಳಕಕ್ಷೆಗೆ ಬೇಕಾದದ್ದು 7.8. ಇಲ್ಲೊಂದು ಮಜಾ ಗಮನಿಸಿ. ಅದೇ 2.3 ಕಿ.ಮೀ. ವೇಗ ಕರ್ಬಿನ್ನಿನಲ್ಲಿ ಅಡ್ಡಕ್ಕೆ ಇದ್ದಿದ್ದರೆ ಶೆಪರ್ಡ್ ಕಕ್ಷೆಯಲ್ಲೇ ಸುತ್ತುತ್ತಿದ್ದರು.

ಇಲ್ಲಿ ಒತ್ತಿದರೆ ಅಲ್ಲಿ ಏಳುತ್ತದೆ

ಈಗ 100 ಕಿ.ಮೀ. ಎತ್ತರದ ದುಂಡು ಕಕ್ಷೆಯಲ್ಲಿದ್ದೀರಿ ಅಂದುಕೊಳ್ಳಿ. ಮುಂದಿನ ಎಲ್ಲ ಪ್ರಯೋಗಗಳೂ ಇಲ್ಲಿಂದಲೇ ಶುರು. M ಒತ್ತಿದರೆ ನಕ್ಷೆ ಬರುತ್ತದೆ, ಅದರಲ್ಲಿ ನಿಮ್ಮ ಕಕ್ಷೆಯ ಗೆರೆ ಕಾಣುತ್ತದೆ. ಚಲನೆಯ ದಿಕ್ಕಿಗೆ, ಅಂದರೆ ಪ್ರೋಗ್ರೇಡ್ ಕಡೆಗೆ ಮೂತಿ ಇಟ್ಟು ಸ್ವಲ್ಪ ಬರ್ನ್ ಮಾಡಿ. ನೀವಿರುವ ಜಾಗದಲ್ಲಿ ಗೆರೆ ಅಲುಗುವುದೇ ಇಲ್ಲ. ಗ್ರಹದ ಆ ಕಡೆ, ಸರಿಯಾಗಿ ಎದುರು ಬದಿಯಲ್ಲಿ, ಗೆರೆ ಉಬ್ಬುತ್ತದೆ. ಹಿಮ್ಮುಖವಾಗಿ, ಅಂದರೆ ರೆಟ್ರೋಗ್ರೇಡ್ ಕಡೆಗೆ ಉರಿಸಿದರೆ ಅದೇ ಎದುರು ಬದಿ ಕುಗ್ಗುತ್ತದೆ.

ಹೊಸಬರು ಇಲ್ಲಿ ಬರೆಯುವ ಊಹೆ ಸಾಮಾನ್ಯವಾಗಿ ಬೇರೆಯೇ ಇರುತ್ತದೆ. ಮೇಲೆ ಹೋಗಬೇಕಾದರೆ ಮೂತಿಯನ್ನು ಮೇಲಕ್ಕೆ ಮಾಡಬೇಕು ಅಂತ. ಹಾಗೆ ಮಾಡಿ ನೋಡಿ. ಕಕ್ಷೆ ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ಅಷ್ಟೇ ಇಳಿಯುತ್ತದೆ. ಇಂಧನ ಹೋಯಿತು, ಸಿಕ್ಕಿದ್ದು ಬಹಳ ಕಡಿಮೆ. ಎತ್ತರ ಬೇಕಾದರೆ ವೇಗವನ್ನು ಬದಲಿಸಬೇಕು, ಅದರ ಫಲ ಅರ್ಧ ಸುತ್ತು ಆದ ಮೇಲೆ ಸಿಗುತ್ತದೆ. 1925ರಲ್ಲಿ ಜರ್ಮನಿಯ ಎಂಜಿನಿಯರ್ ವಾಲ್ಟರ್ ಹೋಮನ್ ಒಂದು ದುಂಡು ಕಕ್ಷೆಯಿಂದ ಇನ್ನೊಂದಕ್ಕೆ ಹೋಗುವ ಮಿತವ್ಯಯದ ದಾರಿಯನ್ನು ಲೆಕ್ಕ ಹಾಕಿದರಲ್ಲ, ಅದು ಇದೇ. ಒಂದು ತುದಿಯಲ್ಲಿ ಒಮ್ಮೆ ಒತ್ತುವುದು, ಎದುರು ತುದಿಯಲ್ಲಿ ಇನ್ನೊಮ್ಮೆ ಒತ್ತುವುದು.

ಈಗ ಮ್ಯಾಕ್‌ಡಿವಿಟ್ ಅವರ ಸಮಸ್ಯೆಗೆ ಬರೋಣ. ಇಡೀ ಉಪನ್ಯಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು, ಹಾಗಾಗಿ ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ನಿಮ್ಮದೇ ಕಕ್ಷೆಯಲ್ಲಿ, ನಿಮಗಿಂತ 90 ಕಿ.ಮೀ. ಮುಂದೆ ಇನ್ನೊಂದು ನೌಕೆ ಹೋಗುತ್ತಿದೆ. ಅದನ್ನು ಹಿಡಿಯಬೇಕು. ಏನು ಮಾಡುತ್ತೀರಿ? ವೇಗ ಹೆಚ್ಚಿಸುತ್ತೀರಿ, ಅಲ್ವಾ? ಸೆಕೆಂಡಿಗೆ 16 ಮೀಟರ್ ಹೆಚ್ಚಿಸಿ. ಎದುರು ಬದಿಯಲ್ಲಿ ನಿಮ್ಮ ಕಕ್ಷೆ 120 ಕಿ.ಮೀ.ವರೆಗೆ ಏಳುತ್ತದೆ. ಕಕ್ಷೆ ದೊಡ್ಡದಾಯಿತು, ಸುತ್ತಿಗೆ ಹಿಡಿಯುವ ಸಮಯವೂ ಹೆಚ್ಚಿತು. ಒಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ನೀವು ಇನ್ನೂ 90 ಕಿ.ಮೀ. ಹಿಂದೆ ಬಿದ್ದಿರುತ್ತೀರಿ.

F9 ಒತ್ತಿ, ಈಗ ಉಲ್ಟಾ ಮಾಡಿ. 16 ಮೀಟರ್ ಬ್ರೇಕ್ ಹಾಕಿ. ಎದುರು ಬದಿ 80 ಕಿ.ಮೀ.ಗೆ ಇಳಿಯುತ್ತದೆ. ದುಂಡು ಕಕ್ಷೆಯ ಒಂದು ಸುತ್ತಿಗೆ 1,958 ಸೆಕೆಂಡ್ ಬೇಕಿತ್ತು. ಈಗ 1,916 ಸಾಕು. ಅಂದರೆ 42 ಸೆಕೆಂಡ್ ಮೊದಲೇ ಅದೇ ಜಾಗಕ್ಕೆ ಬರುತ್ತೀರಿ. ಸೆಕೆಂಡಿಗೆ 2,246 ಮೀಟರ್ ಓಡುವವರಿಗೆ 42 ಸೆಕೆಂಡ್ ಅಂದರೆ 90 ಕಿ.ಮೀ.ಗೂ ಸ್ವಲ್ಪ ಜಾಸ್ತಿ. ಸುತ್ತು ಮುಗಿದಾಗ ಗುರಿ ಪಕ್ಕದಲ್ಲೇ ಇರುತ್ತದೆ. ಕಳೆದ 16 ಮೀಟರನ್ನು ಮತ್ತೆ ಸೇರಿಸಿದರೆ ಜೊತೆಯಾಗಿ ಹಾರುತ್ತೀರಿ.

ಓಟದ ಮೈದಾನದಲ್ಲಿ ಒಳಗಿನ ಟ್ರ್ಯಾಕ್ ಹಿಡಿದ ಹಾಗೆ ಅಂತ ಕೆಲವರು ವಿವರಿಸುತ್ತಾರೆ. ಅರ್ಧ ಸರಿ. ಒಳ ಟ್ರ್ಯಾಕ್‌ನಲ್ಲಿ ದಾರಿ ಕಮ್ಮಿ ನಿಜ, ಆದರೆ ಓಟಗಾರನ ವೇಗ ಅದರಿಂದ ಹೆಚ್ಚುವುದಿಲ್ಲ. ಕಕ್ಷೆಯಲ್ಲಿ ದಾರಿಯೂ ಕಮ್ಮಿ, ಕೆಳಗೆ ಬಿದ್ದಾಗ ವೇಗವೂ ಹೆಚ್ಚು. ಬ್ರೇಕ್ ಹಾಕಿದ್ದಕ್ಕೆ ಸರಾಸರಿ ವೇಗ ಹೆಚ್ಚಾಯಿತು! ಇದನ್ನು ಓದಿದಾಗ ಒಪ್ಪಿಕೊಳ್ಳುತ್ತೇವೆ, ಕೈ ಮಾತ್ರ ಒಪ್ಪುವುದಿಲ್ಲ. ಹಲವು ಸಲ ಮಾಡಿದ ಮೇಲೆ ಒಂದು ದಿನ ಗುರಿ ಮುಂದೆ ಕಂಡರೆ ಬೆರಳು ತಾನಾಗಿ ರೆಟ್ರೋಗ್ರೇಡ್ ಕಡೆ ಹೋಗುತ್ತದೆ.

ನಿಜಲೋಕದಲ್ಲಿ ಇದು ಬೇಗನೆ ಸರಿಹೋಯಿತು. 1965ರ ಡಿಸೆಂಬರ್ 15ರಂದು ಜೆಮಿನಿ 6ಎ ನೌಕೆ ಜೆಮಿನಿ 7ರ ಹತ್ತಿರ, ಸುಮಾರು 30 ಸೆಂಟಿಮೀಟರ್ ಅಂತರಕ್ಕೆ, ಹೋಗಿ ನಿಂತಿತು. ಗಗನಯಾತ್ರಿ ಬಜ್ ಆಲ್ಡ್ರಿನ್ 1963ರಲ್ಲಿ ಎಂಐಟಿಗೆ ಬರೆದ ಡಾಕ್ಟರೇಟ್ ಪ್ರಬಂಧದ ವಿಷಯವೂ ಕಕ್ಷೆಯಲ್ಲಿ ಕಣ್ಣಳತೆಯಿಂದ ಇನ್ನೊಂದು ನೌಕೆಯನ್ನು ಸೇರುವುದೇ. 1966ರ ನವೆಂಬರ್‌ನಲ್ಲಿ ಜೆಮಿನಿ 12ರ ರಾಡಾರ್ ಕೈಕೊಟ್ಟಾಗ ಅವರು ಸೆಕ್ಸ್‌ಟಂಟ್ (ಕೋನ ಅಳೆಯುವ ಉಪಕರಣ) ಮತ್ತು ಕೋಷ್ಟಕ ಹಿಡಿದು ಲೆಕ್ಕ ಹಾಕಿ ಗುರಿ ಮುಟ್ಟಿಸಿದರು. ಪ್ರಬಂಧ ಬರೆದವನಿಗೇ ಪರೀಕ್ಷೆ ಬಂದದ್ದು! 2025ರ ಜನವರಿ 16ರಂದು ಇಸ್ರೋದ ಸ್ಪೇಡೆಕ್ಸ್ ಜೋಡಿ ಉಪಗ್ರಹಗಳು ಒಂದಕ್ಕೊಂದು ಕೂಡಿಕೊಂಡವು. ಆಗ ವಾರಗಟ್ಟಲೆ ನಡೆದ ಎಚ್ಚರಿಕೆಯ ಸರಿದಾಟದ ಹಿಂದೆಯೂ ಇದೇ ಲೆಕ್ಕ ಇತ್ತು.

ಒಂದು ಮೀಟರಿನ ಬೆಲೆ

ಕರ್ಬಿನ್ನಿನ ದೊಡ್ಡ ಚಂದ್ರನ ಹೆಸರು ಮುನ್. ಕರ್ಬಿನ್ ಕೇಂದ್ರದಿಂದ 12,000 ಕಿ.ಮೀ. ದೂರ. ಅಲ್ಲಿಗೆ ಹೋಗಲು ಸೆಕೆಂಡಿಗೆ 840 ಮೀಟರ್ ಹೆಚ್ಚಿಸಬೇಕು. ಯಾವಾಗ ಎಂಬುದು ಪ್ರಶ್ನೆ. ಹೋಗಲು ಏಳೂವರೆ ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಮುನ್ ತನ್ನ ಕಕ್ಷೆಯಲ್ಲಿ ಸುಮಾರು 69 ಡಿಗ್ರಿ ಸರಿದಿರುತ್ತದೆ. ನೀವು ಅರ್ಧ ಸುತ್ತು, ಅಂದರೆ 180 ಡಿಗ್ರಿ ಹೋಗುತ್ತೀರಿ. ಹಾಗಾದರೆ ಹೊರಡುವಾಗ ಮುನ್ ನಿಮಗಿಂತ 111 ಡಿಗ್ರಿ ಮುಂದಿರಬೇಕು.

ಆಟಗಾರರಲ್ಲಿ ಒಂದು ಚಾಲ್ತಿ ಮಾತಿದೆ: ಮುನ್ ದಿಗಂತದಲ್ಲಿ ಏಳುವುದು ಕಂಡ ತಕ್ಷಣ ಎಂಜಿನ್ ಹೊತ್ತಿಸಿ, ತಲುಪುತ್ತೀರಿ. ಮಂತ್ರದ ಹಾಗೆ ಕೇಳಿಸುತ್ತದೆ. ಲೆಕ್ಕ ಹಾಕಿ ನೋಡಿದರೆ, 100 ಕಿ.ಮೀ. ಎತ್ತರದಿಂದ ದಿಗಂತ 31 ಡಿಗ್ರಿ ಕೆಳಗೆ ಕಾಣುತ್ತದೆ. ಆಗ ಮುನ್ ಏಳುವುದು ನಿಮಗಿಂತ 118 ಡಿಗ್ರಿ ಮುಂದಿರುವಾಗ. ಬೇಕಾದದ್ದು 111. ಮಂತ್ರ ಕೆಲಸ ಮಾಡುವುದು ಈ ಹೊಂದಾಣಿಕೆಯಿಂದ. ನಮ್ಮ ಚಂದ್ರನಿಗೂ ಇದೇ ನಿಯಮ ನಡೆಯುತ್ತದೆಯೇ ಎಂದು ಲೆಕ್ಕ ಹಾಕುವುದು ಒಳ್ಳೆಯ ಮನೆಗೆಲಸ. ಉತ್ತರ ನಾನು ಹೇಳುವುದಿಲ್ಲ.

ಈಗ ನಾನು ಎಲ್ಲರಿಗೂ ಮಾಡಿಸುವ ಪ್ರಯೋಗ. ದುಂಡು ಕಕ್ಷೆಯಲ್ಲಿದ್ದಾಗ ಸೆಕೆಂಡಿಗೆ 1 ಮೀಟರ್ ಮಾತ್ರ ಹೆಚ್ಚಿಸಿ. ಎದುರು ಬದಿ ಒಂದೂಕಾಲು ಕಿ.ಮೀ. ಏಳುತ್ತದೆ. ಮುನ್ ಕಡೆಗಿನ 840 ಮೀಟರ್ ಬರ್ನ್ ಮುಗಿಸಿ, ಅಲ್ಲೇ ಇನ್ನೊಂದು ಮೀಟರ್ ಹೆಚ್ಚಿಸಿ. ದೂರದ ತುದಿ ಎಷ್ಟು ಸರಿಯುತ್ತದೆ? ಬರೆದಿಡಿ. ಎರಡು ಕಿ.ಮೀ., ಐದು ಕಿ.ಮೀ., ಹತ್ತು ಅಂತ ಜನ ಬರೆಯುತ್ತಾರೆ. ಸರಿಯುವುದು 140 ಕಿ.ಮೀ.! ಮುನ್‌ನ ತ್ರಿಜ್ಯವೇ 200 ಕಿ.ಮೀ. ಒಂದೆರಡು ಮೀಟರ್ ಹೆಚ್ಚುಕಮ್ಮಿಯಾದರೆ ಪಕ್ಕದಲ್ಲಿ ಹಾದುಹೋಗುವವರು ನೇರ ನೆಲಕ್ಕೆ ಬಡಿಯಬಹುದು.

ಯಾಕೆ ಹೀಗೆ? ಕಕ್ಷೆ ಉದ್ದವಾದಷ್ಟೂ ದೂರದ ತುದಿಯಲ್ಲಿ ನೌಕೆ ಗ್ರಹದ ಹಿಡಿತದಿಂದ ಹೆಚ್ಚುಕಡಿಮೆ ಬಿಡಿಸಿಕೊಂಡೇ ಇರುತ್ತದೆ. ಸ್ವಲ್ಪ ಶಕ್ತಿ ಸೇರಿಸಿದರೂ ಬಹಳ ದೂರ ಹೋಗುತ್ತದೆ. ಅದಕ್ಕೇ ನಿಜವಾದ ಯಾನಗಳಲ್ಲಿ ಹೊರಟ ಮೇಲೂ ದಾರಿ ತಿದ್ದುವ ಅವಕಾಶ ಇಟ್ಟುಕೊಳ್ಳುತ್ತಾರೆ. ಅಪೊಲೊ ನೌಕೆಗಳಿಗೆ ಚಂದ್ರನ ಕಡೆ ಹೋಗುವಾಗ ಅಂಥ ನಾಲ್ಕು ತಿದ್ದುಪಡಿಗಳ ಜಾಗ ಇತ್ತು. ಬೇಡ ಅನಿಸಿದರೆ ಬಿಟ್ಟುಬಿಡುತ್ತಿದ್ದರು.

ಮುನ್ ಮೇಲೆ ಇಳಿಯುವ ಬಗ್ಗೆ ಒಂದೇ ಮಾತು. ಗಾಳಿ ಇಲ್ಲ, ಪ್ಯಾರಾಚೂಟ್ ಕಟ್ಟಿದ್ದರೆ ಸುಮ್ನೆ ಭಾರ. ಇಳಿಯುವ ಮುನ್ನ ಗಾಳಿಯಲ್ಲಿ ನಿಂತ ಹಾಗೆ ಒಂದೇ ಕಡೆ ನಿಂತು ಜಾಗ ಹುಡುಕಿದರೆ ಪ್ರತಿ ನಿಮಿಷಕ್ಕೂ ಸೆಕೆಂಡಿಗೆ 98 ಮೀಟರ್‌ನಷ್ಟು ಡೆಲ್ಟಾ-ವಿ, ಅಂದರೆ ಇಂಧನ ಉರಿಸಿ ವೇಗ ಬದಲಿಸುವ ಸಾಮರ್ಥ್ಯ, ಹೋಗುತ್ತದೆ. ಅಂಜಿಕೆಯಿಂದ ನಿಧಾನ ಇಳಿಯುವವರಿಗೇ ಇಂಧನ ಸಾಲದೆ ಬರುವುದು.

ಇಂಧನ ಸಾಲದಿದ್ದರೆ ಇನ್ನೊಂದು ಟ್ಯಾಂಕ್ ಸೇರಿಸೋಣ ಅನ್ನುವುದು ಎಲ್ಲ ಆಟಗಾರರ ಮೊದಲ ಯೋಚನೆ. 1903ರಲ್ಲಿ ರಷ್ಯಾದ ವಿಜ್ಞಾನಿ ತ್ಸಿಯೊಲ್ಕೊವ್‌ಸ್ಕಿ ಪ್ರಕಟಿಸಿದ ರಾಕೆಟ್ ಸಮೀಕರಣ ಇದಕ್ಕೆ ತಣ್ಣೀರು ಎರಚುತ್ತದೆ. ನಿಷ್ಕಾಸದ ಅನಿಲ ಹೊರಬರುವ ವೇಗದಷ್ಟೇ ವೇಗ ನಿಮಗೆ ಬೇಕಾದರೆ ಹೊರಡುವಾಗಿನ ತೂಕ ಖಾಲಿ ತೂಕದ 2.7 ಪಟ್ಟು ಇರಬೇಕು. ಅದರ ಎರಡರಷ್ಟು ಬೇಕಾದರೆ 7.4 ಪಟ್ಟು. ಮೂರರಷ್ಟು ಬೇಕಾದರೆ 20 ಪಟ್ಟು. ಆಟದಲ್ಲಿ ಟ್ಯಾಂಕ್ ಮೇಲೆ ಟ್ಯಾಂಕ್ ಕಟ್ಟಿದ ರಾಕೆಟ್ ಉಡಾವಣಾ ಕಟ್ಟೆಯಿಂದ ಏಳದೆ ಹೊಗೆ ಬಿಡುತ್ತಾ ನಿಂತಿರುವುದನ್ನು ನೋಡಿದರೆ ಈ ಸಾಲುಗಳು ಬೇಗ ಮರೆಯುವುದಿಲ್ಲ.

ಕೆಳಗೇ ಖರ್ಚು ಮಾಡಿ

ಕರ್ಬಿನ್ ಬಿಟ್ಟು ಬೇರೆ ಗ್ರಹಕ್ಕೆ ಹೋಗುವಾಗ ಇನ್ನೊಂದು ವಿಚಿತ್ರ ಎದುರಾಗುತ್ತದೆ. ನಿಮ್ಮ ಹತ್ತಿರ ಸೆಕೆಂಡಿಗೆ 1,500 ಮೀಟರ್‌ನಷ್ಟು ಡೆಲ್ಟಾ-ವಿ ಇದೆ. ಎರಡು ರೀತಿ ಖರ್ಚು ಮಾಡಬಹುದು. ಒಂದು, 930 ಮೀಟರ್ ಬಳಸಿ ಕರ್ಬಿನ್ ಹಿಡಿತದಿಂದ ಹೇಗೋ ತಪ್ಪಿಸಿಕೊಂಡು, ತೀರಾ ದೂರ ಹೋದ ಮೇಲೆ ಉಳಿದ 570ನ್ನು ಉರಿಸುವುದು. ಎರಡು, 1,500ನ್ನೂ ಕೆಳಕಕ್ಷೆಯಲ್ಲೇ ಒಟ್ಟಿಗೆ ಉರಿಸುವುದು. ಕರ್ಬಿನ್ನಿನ ಪ್ರಭಾವಲಯ, ಅಂದರೆ ಅದರ ಸೆಳೆತ ನಡೆಯುವ ವಲಯ, ದಾಟುವಾಗ ವೇಗ ಎಷ್ಟಿರುತ್ತದೆ?

ಮೊದಲ ದಾರಿಯಲ್ಲಿ ಸಾವಿರವನ್ನೂ ಮುಟ್ಟುವುದಿಲ್ಲ. ಎರಡನೆಯದರಲ್ಲಿ ಸುಮಾರು 2,000! ಹಾಕಿದ್ದು 1,500, ಕೈಗೆ ಬಂದದ್ದು 2,000. ಶಕ್ತಿ ಎಲ್ಲಿಂದ ಬಂತು? ಎಂಜಿನ್ ಮಾಡುವ ಕೆಲಸ ಅಂದರೆ ಬಲ ಗುಣಿಸು ಸಾಗಿದ ದೂರ. ಜೋರಾಗಿ ಹೋಗುತ್ತಿರುವ ನೌಕೆ ಒಂದು ಸೆಕೆಂಡಿನಲ್ಲಿ ಹೆಚ್ಚು ದೂರ ಸಾಗುತ್ತದೆ. ಹಾಗಾಗಿ ಅದೇ ಎಂಜಿನ್, ಅದೇ ಇಂಧನ, ಆದರೆ ಹೆಚ್ಚು ಶಕ್ತಿ ನೌಕೆಗೆ ಸೇರುತ್ತದೆ. ಆ ಶಕ್ತಿಯಲ್ಲಿ ಒಂದು ಪಾಲು ಇಂಧನದ್ದೇ ಚಲನಶಕ್ತಿ. ಜೋರಾಗಿ ಓಡುತ್ತಿದ್ದ ಇಂಧನವನ್ನು ಹಿಂದಕ್ಕೆ ಎಸೆದು, ಅದರ ಶಕ್ತಿಯನ್ನು ನೀವು ಇಟ್ಟುಕೊಂಡಿರಿ. ರಾಕೆಟ್ ವಿಜ್ಞಾನಿ ಹರ್ಮನ್ ಒಬರ್ಟ್ ಹೆಸರಿನಲ್ಲಿ ಇದನ್ನು ಒಬರ್ಟ್ ಪರಿಣಾಮ ಅನ್ನುತ್ತಾರೆ.

ಇಲ್ಲಿ ತೊಡಕೂ ಇದೆ. ಎಂಜಿನ್ ಸಣ್ಣದಾದರೆ ಕೆಳಗಿನ ಬಿಂದುವಿನಲ್ಲಿ ಇರುವ ಸ್ವಲ್ಪ ಹೊತ್ತಿನಲ್ಲಿ ಬರ್ನ್ ಮುಗಿಯುವುದಿಲ್ಲ. ಆಟಗಾರರು ಆಗ ಬರ್ನನ್ನು ತುಂಡು ಮಾಡುತ್ತಾರೆ. ಪ್ರತಿ ಸುತ್ತಿನಲ್ಲೂ ಕೆಳಬಿಂದುವಿಗೆ ಬಂದಾಗ ಸ್ವಲ್ಪ ಸ್ವಲ್ಪ. ಮಂಗಳಯಾನ ಮಾಡಿದ್ದು ಇದನ್ನೇ. 2013ರ ನವೆಂಬರ್ 5ರಂದು ಪಿಎಸ್‌ಎಲ್‌ವಿ ಅದನ್ನು ಭೂಮಿಯ ಸುತ್ತ ಉದ್ದನೆಯ ಕಕ್ಷೆಗೆ ಬಿಟ್ಟಿತು. ನೌಕೆಯ ತೂಕ 1,337 ಕೆ.ಜಿ., ಎಂಜಿನ್ನಿನ ನೂಕುಬಲ 440 ನ್ಯೂಟನ್. ಒಂದು ನಿಮಿಷ ಉರಿಸಿದರೆ ವೇಗ ಸೆಕೆಂಡಿಗೆ 20 ಮೀಟರ್ ಹೆಚ್ಚುತ್ತದೆ, ಅಷ್ಟೇ. ಮಂಗಳಕ್ಕೆ ಹೊರಡಲು ಇನ್ನೂ ಒಂದೂವರೆ ಕಿ.ಮೀ. ಹತ್ತಿರ ಬೇಕಿತ್ತು. ಒಂದೇ ಉಸಿರಿಗೆ ಉರಿಸಿದ್ದರೆ ಒಂದು ಗಂಟೆಯ ಹತ್ತಿರ. ಅಷ್ಟರಲ್ಲಿ ನೌಕೆ ಭೂಮಿಯಿಂದ ದೂರ ಹೋಗಿ, ಲಾಭ ಕೈತಪ್ಪುತ್ತಿತ್ತು. ಹಾಗಾಗಿ ನವೆಂಬರ್ ತಿಂಗಳಲ್ಲಿ ಭೂಮಿಯ ಹತ್ತಿರ ಬಂದಾಗಲೆಲ್ಲ ತುಸು ತುಸು ಉರಿಸಿ ಕಕ್ಷೆಯನ್ನು ಹಿಗ್ಗಿಸಿದರು. ಡಿಸೆಂಬರ್ 1ರಂದು, ನಡುರಾತ್ರಿ ಕಳೆದ ಮೇಲೆ, 22 ನಿಮಿಷದ ಕೊನೆಯ ಬರ್ನ್ ಮಾಡಿ ಹೊರಟರು. 2014ರ ಸೆಪ್ಟೆಂಬರ್ 24ಕ್ಕೆ ಮಂಗಳದ ಕಕ್ಷೆ ಸೇರಿತು. ಸಣ್ಣ ಎಂಜಿನ್ನಿನ ನೌಕೆಯನ್ನು ಹೀಗೆ ಹಂತ ಹಂತವಾಗಿ ಹಿಗ್ಗಿಸಿದ ಆಟಗಾರರು ಆ ಸುದ್ದಿಯನ್ನು ಓದುವ ರೀತಿಯೇ ಬೇರೆ.

ಕಕ್ಷೆಯ ಓರೆಯನ್ನು ಬದಲಿಸುವುದು ಮಾತ್ರ ಕೆಳಗೆ ಮಾಡಬೇಡಿ. 60 ಡಿಗ್ರಿ ತಿರುಗಿಸಬೇಕಾದರೆ ನಿಮ್ಮ ಈಗಿನ ವೇಗದಷ್ಟೇ, ಅಂದರೆ 2,246 ಮೀಟರ್ ಖರ್ಚು. ಬದಲಿಗೆ 840 ಖರ್ಚು ಮಾಡಿ 12,000 ಕಿ.ಮೀ. ದೂರಕ್ಕೆ ಹೋಗಿ. ಅಲ್ಲಿ ವೇಗ ಬರೀ 180. ತಿರುಗಲು 180 ಸಾಕು. ಮತ್ತೆ 840 ಕೊಟ್ಟು ಮೊದಲಿನ ಎತ್ತರಕ್ಕೆ ಬನ್ನಿ. ಒಟ್ಟು 1,860. ಅಷ್ಟು ದೂರ ಹೋಗಿ ಬಂದರೂ ಅಗ್ಗ. ವಾಪಸು ಬರುವಾಗ ವಾತಾವರಣಕ್ಕೆ ತಾಗಿಸಿ ವೇಗ ಇಳಿಸಿಕೊಂಡರೆ ಇನ್ನೂ ಅಗ್ಗ. ಮುನ್ ಆ ಕಡೆ ಇಲ್ಲದ ಹೊತ್ತು ನೋಡಿಕೊಂಡು ಹೊರಡಿ, ಇಲ್ಲದಿದ್ದರೆ ಬೇರೆಯೇ ಪ್ರಯೋಗ ಆಗುತ್ತದೆ.

ಆಟ ಎಲ್ಲಿ ಸುಳ್ಳು ಹೇಳುತ್ತದೆ

ಪ್ರಯೋಗಾಲಯ ಅಂದ ಮೇಲೆ ಉಪಕರಣದ ದೋಷ ಗೊತ್ತಿರಬೇಕು. ಗ್ರಹ ಚಿಕ್ಕದು ಅಂತ ಆಗಲೇ ಹೇಳಿದೆ. ಕರ್ಬಿನ್ನಿನಲ್ಲಿ ಕಕ್ಷೆ ಸೇರಲು ಗಾಳಿ ಮತ್ತು ಗುರುತ್ವದ ನಷ್ಟವೂ ಸೇರಿ ಸುಮಾರು 3,400 ಮೀಟರ್ ಸಾಕು, ಭೂಮಿಯಲ್ಲಿ 9,400 ಹತ್ತಿರ ಬೇಕು. ಆಟದ ದ್ರವ ಇಂಧನದ ಎಂಜಿನ್‌ಗಳನ್ನು ಎಷ್ಟು ಸಲ ಬೇಕಾದರೂ ಹೊತ್ತಿಸಬಹುದು, ಆರಿಸಬಹುದು. ನಿಜವಾದ ಎಂಜಿನ್‌ಗಳಲ್ಲಿ ಎಷ್ಟೋ ಒಂದೇ ಸಲ ಹೊತ್ತುವಂಥವು. 70 ಕಿ.ಮೀ. ದಾಟಿದರೆ ಆಟದಲ್ಲಿ ಗಾಳಿಯ ತಡೆ ಸೊನ್ನೆ. ನಮ್ಮ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 400 ಕಿ.ಮೀ. ಎತ್ತರದಲ್ಲಿದ್ದರೂ ತೆಳು ಗಾಳಿಗೆ ಸಿಕ್ಕಿ ಇಳಿಯುತ್ತಲೇ ಇರುತ್ತದೆ. ಆಗಾಗ ಮೇಲಕ್ಕೆ ನೂಕಬೇಕು.

ಇವೆಲ್ಲ ಸಣ್ಣ ಸುಳ್ಳುಗಳು. ದೊಡ್ಡದು ಒಂದಿದೆ. ಆಟದಲ್ಲಿ ಒಂದು ಕ್ಷಣಕ್ಕೆ ಒಂದೇ ಕಾಯ ನಿಮ್ಮನ್ನು ಸೆಳೆಯುತ್ತದೆ. ಮುನ್ ಸುತ್ತ 2,400 ಕಿ.ಮೀ. ಚಿಲ್ಲರೆ ತ್ರಿಜ್ಯದ ಒಂದು ಗೋಳ ಇದೆ. ಅದರ ಹೊರಗಿದ್ದರೆ ಕರ್ಬಿನ್ ಮಾತ್ರ, ಒಳಗೆ ಕಾಲಿಟ್ಟರೆ ಮುನ್ ಮಾತ್ರ. ಗಡಿ ದಾಟಿದ ಕೂಡಲೇ ಮಾಲೀಕ ಬದಲು. ಇದರಿಂದ ಲೆಕ್ಕ ಸುಲಭವಾಗುತ್ತದೆ. ಕಕ್ಷೆಯ ಪ್ರತಿ ತುಂಡೂ ಕೆಪ್ಲರ್ ಹೇಳಿದ ಅಚ್ಚುಕಟ್ಟಾದ ವಕ್ರರೇಖೆ. ಆಟದ ಕಾಲವನ್ನು ಲಕ್ಷ ಪಟ್ಟು ಓಡಿಸಿದರೂ ನೌಕೆ ದಾರಿ ತಪ್ಪುವುದಿಲ್ಲ. ಯಾನ ಯೋಜಿಸುವವರೂ ಮೊದಲ ಅಂದಾಜಿಗೆ ಇದೇ ಉಪಾಯ ಬಳಸುತ್ತಾರೆ.

ಆದರೆ ಎರಡು ಕಾಯಗಳ ಸೆಳೆತ ಒಟ್ಟಿಗೆ ಕೆಲಸ ಮಾಡಿದಾಗ ಮಾತ್ರ ಹುಟ್ಟುವ ಸಂಗತಿಗಳು ಇಲ್ಲಿ ಇಲ್ಲವೇ ಇಲ್ಲ. ಲಗ್ರಾಂಜ್ ಬಿಂದುಗಳು, ಅಂದರೆ ಎರಡು ಕಾಯಗಳ ಸೆಳೆತ ಹೊಂದಿಕೊಂಡು ನೌಕೆ ಅವುಗಳ ಜೊತೆಗೇ ಸಾಗಬಲ್ಲ ಜಾಗಗಳು, ಇಲ್ಲ. 2024ರ ಜನವರಿ 6ರಂದು ಆದಿತ್ಯ-ಎಲ್1 ಸೇರಿದ ಕಕ್ಷೆ, ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದಲ್ಲಿ ಖಾಲಿ ಜಾಗದ ಸುತ್ತ ಸುತ್ತುವ ಆ ಕಕ್ಷೆ, ಮೂಲ ಆಟದಲ್ಲಿ ಅಸಾಧ್ಯ. ಜೇಮ್ಸ್ ವೆಬ್ ದೂರದರ್ಶಕದ ಜಾಗವೂ ಅಷ್ಟೇ.

ಉಪನ್ಯಾಸದ ಕೊನೆಗೆ ಕೆಲವು ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಕೊಡುತ್ತೇನೆ.

ಒಬ್ಬರು ಕೇಳಿದರು: "ಮೆಕ್‌ಜೆಬ್ ತರಹದ ಆಟೋಪೈಲಟ್ ಮಾಡ್ (ಆಟಕ್ಕೆ ಹೊರಗಿನವರು ಬರೆದ ಸೇರ್ಪಡೆ) ಹಾಕಿಕೊಂಡರೆ ಕಲಿಕೆ ಹಾಳಾಗುತ್ತದೆಯೇ?" ಹಾಳಾಗುವುದಿಲ್ಲ, ಆದರೆ ಮೊದಲು ಕೈಯಲ್ಲಿ ಮಾಡಿ. ಒಂದು ಸಲ ಕೈಯಲ್ಲಿ ಇನ್ನೊಂದು ನೌಕೆಯನ್ನು ಹಿಡಿದು ಕೂಡಿಸಿದ ಮೇಲೆ ಆಟೋಪೈಲಟ್ ಏನು ಮಾಡುತ್ತಿದೆ, ಯಾಕೆ ಕಾಯುತ್ತಿದೆ ಎಂದು ಓದಲು ಬರುತ್ತದೆ. ಅದಕ್ಕೂ ಮೊದಲು ಹಾಕಿಕೊಂಡರೆ ಅದು ಬರೀ ಸಿನಿಮಾ. ನಿಜವಾದ ಸೌರಮಂಡಲವೇ ಬೇಕು, ಹಸಿರು ಬೊಂಬೆಗಳು ಬೇಡ ಅನ್ನುವವರಿಗೆ ಮಾರ್ಟಿನ್ ಶ್ವೈಗರ್ 2000ದಲ್ಲಿ ಬಿಡುಗಡೆ ಮಾಡಿದ ಆರ್ಬಿಟರ್ ಇದೆ. ಉಚಿತ, ಗಂಭೀರ, ಹೊಸಬರಿಗೆ ಸ್ವಲ್ಪ ಬಿಗುಮಾನದ್ದು.

ಇನ್ನೊಬ್ಬರು ಕೇಳಿದರು: "ಎಲ್ಲ ಕಾಯಗಳ ಸೆಳೆತವನ್ನೂ ಆಟದೊಳಗೆ ತರಲು ಆಗುವುದಿಲ್ಲವೇ?" ತಂದಿದ್ದಾರೆ. ಪ್ರಿನ್ಸಿಪಿಯಾ ಎಂಬ ಮಾಡ್ ಹಾಕಿಕೊಂಡರೆ ಎಲ್ಲವೂ ಎಲ್ಲವನ್ನೂ ಸೆಳೆಯುತ್ತದೆ. ಲಗ್ರಾಂಜ್ ಬಿಂದುಗಳು ತಾವಾಗಿ ಬರುತ್ತವೆ, ಯಾರೂ ಬರೆದು ಸೇರಿಸಬೇಕಿಲ್ಲ. ಜೊತೆಗೆ ಇನ್ನೊಂದೂ ಬಯಲಾಯಿತು. ಆಟದಲ್ಲಿ ಜೂಲ್ ಎಂಬ ದೊಡ್ಡ ಹಸಿರು ಗ್ರಹ ಇದೆ. ಅದರ ಒಳಗಿನ ಮೂರು ಚಂದ್ರರಾದ ಲೇತ್, ವಾಲ್, ಟೈಲೋಗಳ ಸುತ್ತುಗಳು ಒಂದಕ್ಕೊಂದು ಎರಡರಷ್ಟು. ಗುರುವಿನ ಅಯೋ, ಯುರೋಪಾ, ಗ್ಯಾನಿಮೀಡ್‌ಗಳಂತೆಯೇ. ಮೂಲ ಆಟದಲ್ಲಿ ಚಂದ್ರಗಳು ಹಳಿಯ ಮೇಲೆ ಓಡುವ ಹಾಗೆ ಓಡುವುದರಿಂದ ಏನೂ ಆಗುವುದಿಲ್ಲ. ನಿಜವಾದ ಗುರುತ್ವ ಹಾಕಿದ ಮೇಲೆ ಆ ವ್ಯವಸ್ಥೆ ನಿಲ್ಲಲಿಲ್ಲ. ಚಂದ್ರಗಳು ಒಂದನ್ನೊಂದು ಎಳೆದಾಡಿ ಕಕ್ಷೆಗಳು ಕೆಡುತ್ತಿದ್ದವು. ಕೊನೆಗೆ ಮಾಡ್ ಬರೆದವರು ಜೂಲ್‌ನ ಚಂದ್ರಗಳ ಕಕ್ಷೆಗಳನ್ನೇ ತಿದ್ದಬೇಕಾಯಿತು.